ಘ ಇಲ್ಲದ ತಗಡು

ಮಶಾಕಸಾಬ ಕೊರೆದ ತಗಡುಗಳು ಒಟ್ಟು ಹತ್ತೊಂಬತ್ತು,
ಗಂಜಿನ ದಾಲಮಿಲ್ಲುಗಳ ಮೂಲೆಯಿಂದ ಹೆಕ್ಕಿ ತಂದವು.
ಅಂಚಿಗೆ ಮೂವತ್ತು ವರ್ಷದ ನೀಲಿ ಮಸಿ ಹೆಪ್ಪುಗಟ್ಟಿದೆ,
ಉಗುರಿಂದ ಕೆರೆದರೆ ತೊಗರಿ ಹೊಟ್ಟಿನ ವಾಸನೆ.

ತೊಗರಿ ಬೇಳೆ. ನಂಬರ್ ೧. ನಿವ್ವಳ ೫೦ ಕಿಲೋ. ಗುಲಬರ್ಗಾ.
ಚೀಲಕ್ಕೆ ಇಷ್ಟೇ ಮಾತು ಸಾಕು.
ಹಾಗಾಗಿ ನನ್ನ ಫೋಲ್ಡರಿನಲ್ಲಿ ಸಾಬನ ಕೈಯ ಅಕ್ಷರ
ಮೂವತ್ತೊಂದೇ.
ಮಹಾಪ್ರಾಣ ಎರಡು: ಭವಾನಿ ಮಿಲ್ಲಿನ ‘ಭ’,
ಸಿದ್ಧೇಶ್ವರ ಮಿಲ್ಲಿನಲ್ಲಿ ‘ದ’ದ ಕಾಲಿಗೆ ತೂಗುವ ‘ಧ’.
ಊರು ಕಲಬುರಗಿ ಆಯಿತು; ಹೊಸ ಹೆಸರಿಗೆ ಅರ್ಕಾವತ್ತು ಬೇಡ.
ನನಗೆ ಬೇಕು. ಹಳೆ ತಗಡನ್ನೇ ಒರೆಸಿ ಸ್ಕ್ಯಾನಿಗಿಟ್ಟೆ.

ಒಂದು ಅಕ್ಷರಕ್ಕೆ ಒಂದು ಫೈಲು, ಫೈಲಿನೊಳಗೆ ಬರೀ ಚುಕ್ಕಿ,
ಚುಕ್ಕಿಗೆ ಎರಡು ಹಿಡಿಕೆ. ಎಳೆದರೆ ಗೆರೆ ಬಾಗುತ್ತದೆ,
ಹೆಚ್ಚು ಎಳೆದರೆ ಮುನಿಸಿಕೊಳ್ಳುತ್ತದೆ.
ಎಲ್ಲ ಕಲೆಸಿ ಒಂದೇ ಫಾಂಟಾಗಿ ಬೇಯಿಸಿ
ಬೆಳಿಗ್ಗೆ ಎಂಟಕ್ಕೆ ಪ್ಲೇಟಿಗೆ ಕಳಿಸಬೇಕು:
ಹಮಾಲರ ಸಂಘದ ಗೋಡೆಹಾಳೆ, ನೂರು.

ರಾತ್ರಿ ಹತ್ತಕ್ಕೆ ಮೊದಲ ಸಲ ಬೇಯಿಸಿದೆ.
ಯಂತ್ರ ಹೇಳಿತು: ‘ಬ’ದ ಗೆರೆ ಬಾಯಿ ಮುಚ್ಚಿಲ್ಲ.
ಮುಚ್ಚಿದೆ. ಆಗ ‘ಳ’ದ ಹೊಟ್ಟೆ ಮಸಿ ಕುಡಿದು ಕಪ್ಪಾಯಿತು.
ಹೊರಗಿನ ಸುತ್ತು ಬಲಕ್ಕೆ ಹೋದರೆ ಒಳಗಿನದು ಎಡಕ್ಕೆ ಹೋಗಬೇಕಂತೆ,
ಇಲ್ಲದಿದ್ದರೆ ಖಾಲಿ ಜಾಗ ಖಾಲಿಯೆಂದು
ಯಾರಿಗೂ ತಿಳಿಯದು.

ಕರೆಂಟು ಹೋಯಿತು. ಇನ್ವರ್ಟರು ಕೀರಲಿಟ್ಟಿತು.
ಜಗದೇವಿ ಅಕ್ಕ ಶಟರು ಅರ್ಧ ಇಳಿಸಿ
"ಮನೀಗಿ ಹೋಗಲ್ಲೇನವಾ" ಅಂದು, ತಾನೇ ಚಹಾ ತಂದಳು.

ಮೂರನೆಯ ಸಲ ಎಲ್ಲ ಸರಿ, ಎಚ್ಚರಿಕೆ ಒಂದೂ ಇಲ್ಲ.
ಅದೇ ಅನುಮಾನ. ದೊಡ್ಡದು ಮಾಡಿ ನೋಡಿದೆ:
ಸಾಬ ಬಿಟ್ಟ ಸೇತುವೆಗಳೆಲ್ಲ ಮಾಯ.
ಸಣ್ಣ ಸಂದು ಕಂಡಲ್ಲೆಲ್ಲ ಬೆಸುಗೆ ಹಾಕಿ
ಅಕ್ಷರಗಳನ್ನು ನುಣ್ಣಗೆ ಮಾಡಿಟ್ಟಿತ್ತು, ಮದುವೆ ಕಾರ್ಡಿನಂತೆ.

"ಒಳಗಿನ ತುಂಡು ಉದುರಿ ಬಿದ್ದರ ಅಕ್ಷರ ಅಲ್ಲದು, ತೂತು.
ಒಂದು ಎಳಿ ತಗಡು ಬಿಡು, ಅದು ಹಿಡಕೊಂಡಿರ್ತದ."
ಹೀಗಂದವನ ಉಳಿ ನಮ್ಮ ಮೇಜಿನ ಖಾನೆಯಲ್ಲೇ ಇದೆ,
ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದು.
ಪರದೆಯ ಮೇಲೆ ಏನೂ ಉದುರುವುದಿಲ್ಲ. ಅಲ್ಲಿ ಸೇತುವೆ ದಂಡ.
ಆದರೂ ಬೆಸುಗೆ ಬೇಡವೆಂದು ಗುರುತು ಹಾಕಿ
ನಾಲ್ಕನೆಯ ಸಲ ಬೇಯಿಸಿದೆ.

ಉಳಿದದ್ದು ‘ಘ’.
ಮಿಲ್ಲಿನ ಚೀಲ ಯಾವತ್ತೂ ಸಂಘ ಅಂದಿರಲಿಲ್ಲ.
‘ಪ’ದ ಹೊಟ್ಟೆ ಎರವಲು ತಂದೆ, ‘ಭ’ದ ಕಾಲಡಿಯ ಸೀಳು ಕದ್ದೆ,
ಸೇತುವೆ ಎಲ್ಲಿ ಬರಬೇಕೆಂದು ಹೊಳೆಯದೆ
ಖಾಲಿ ಪೌಡರ್ ಡಬ್ಬಿ ಕತ್ತರಿಸಿ, ಸಾಬನ ಉಳಿಯಿಂದ
ಕೊರೆದೇ ನೋಡಿದೆ.
ಹೆಬ್ಬೆರಳು ಕೊಯ್ದಿತು. ಎರಡು ಸಲ ಉದುರಿತು.
ಮೂರನೆಯ ಸಲ ನಿಂತದ್ದನ್ನು ಚುಕ್ಕಿ ಚುಕ್ಕಿಯಾಗಿ ಬರೆದುಕೊಂಡೆ.

ಎಂಟಕ್ಕೆ ಹತ್ತು ಕಮ್ಮಿ. ಫಾಂಟು ಪುಟದೊಳಗೆ ಕೂತಿತು,
ಪುಟ ಪ್ಲೇಟಿಗೆ, ಪ್ಲೇಟು ಸಿಲಿಂಡರಿಗೆ.
ಸಂಘದ ಭೀಮಶ್ಯಾ ಬಂದ, ಹೆಗಲ ಕೊಕ್ಕೆ ಇಳಿಸದೆ
ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದ.
"ಸಾಬನ ಕೈ," ಅಂದ.
"ಈ ‘ಬ’ ಹೊತ್ತು ಹೊತ್ತು ನನ್ನ ಬೆನ್ನಿಗಿ ಗೊತ್ತದ."
ಆಮೇಲೆ ಬೆರಳು ಒಂದು ಕಡೆ ನಿಂತಿತು.
"ಇದು ಯಾವುದವಾ?"
ಸಂಘದ ‘ಘ’, ಅಂದೆ.
"ನಾವು ಸಂಗ ಅಂತೀವಲ್ಲ."

ಜಗದೇವಿ ಅಕ್ಕ ನಕ್ಕಳು.
ನಾನು ಹೆಬ್ಬೆರಳಿನ ಪಟ್ಟಿ ನೋಡಿಕೊಂಡೆ.
"ಇರ್ಲಿ ಬಿಡು, ಬರೀಲಿಕ್ಕ ಚಂದ ಅದ," ಅಂದವನೇ
ಮಸಿ ಆರುವ ಮೊದಲೇ ಹಾಳೆ ಒಯ್ದ,
ಎರಡು ಕೈಯಲ್ಲಿ, ಮಡಚದೆ.
ಇನ್ನೂ ತೊಂಬತ್ತೊಂಬತ್ತು.